ಕವರಿನ ತೂಕ

ಹತ್ತು ಗ್ರಾಂ ಏಲಕ್ಕಿ ಕಟ್ಟುವ ಚಿಕ್ಕ ಪ್ಲಾಸ್ಟಿಕ್ ಕವರು ಸುಮಾರು ಒಂದು ಗ್ರಾಂ ತೂಗುತ್ತದೆ. ಒಂದು ಗ್ರಾಂ ಅಂದರೆ ನಾಲ್ಕೈದು ಏಲಕ್ಕಿ. ಗದಗಿನ ಬೆಟಗೇರಿಯ ನಮ್ಮ ಕಿರಾಣಿ ಅಂಗಡಿಯಲ್ಲಿ ಆ ನಾಲ್ಕೈದು ಏಲಕ್ಕಿ ಎಷ್ಟೋ ವರ್ಷ ಗಿರಾಕಿಯ ಮನೆಗೆ ಹೋಗಲಿಲ್ಲ, ನನ್ನ ಡಬ್ಬಿಯಲ್ಲೇ ಉಳಿದವು.

ಆಗಲೂ ನಾನು ಪ್ರತಿ ಭಾನುವಾರ ದೇವಾಲಯಕ್ಕೆ, ಅಂದರೆ ಚರ್ಚಿಗೆ, ಹೋಗುತ್ತಿದ್ದೆ. ಕಾಣಿಕೆ ತಪ್ಪಿಸುತ್ತಿರಲಿಲ್ಲ. ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದೆ. ತೂಕದಲ್ಲಿ ಮೋಸ ಮಾಡುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಅಂತಲೇ ಹೇಳುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಕವರು ಸೇರಿಸಿಯೇ ತೂಗುವುದು ಬಜಾರಿನ ರೂಢಿ. ಅಪ್ಪನ ಕಾಲದಲ್ಲಿ ಬೆಲ್ಲದ ಅಡಿ ದಪ್ಪ ಹಾಳಿ ಇರುತ್ತಿತ್ತು, ನನ್ನ ಕಾಲದಲ್ಲಿ ಕವರು ಬಂತು. ಅಷ್ಟೇ ವ್ಯತ್ಯಾಸ.

2018ರಲ್ಲಿ ಒಂದು ದಿನ ನೇಕಾರರ ಓಣಿಯ ಆಯಿಯೊಬ್ಬರು ಏಲಕ್ಕಿಗೆ ಬಂದರು. ಮೊಮ್ಮಗಳ ತೊಟ್ಟಿಲು ಕಾರ್ಯ ಇತ್ತು. ನಾನು ಕವರು ತಕ್ಕಡಿಯ ಮೇಲಿಟ್ಟು ಏಲಕ್ಕಿ ಸುರಿದೆ. ಆಯಿ ಆ ಕೆಂಪು ಅಂಕಿಯನ್ನೇ ನೋಡುತ್ತಿದ್ದರು. "ತಮ್ಮಾ, ಕವರಿನ ತೂಕಾನೂ ನನ್ನ ಲೆಕ್ಕಕ್ಕ ಹಚ್ಚಿ ಏನ?" ಎಂದರು. ಸಿಟ್ಟಿನಿಂದ ಕೇಳಲಿಲ್ಲ, ಸುಮ್ನೆ ಕೇಳಿದರು. "ಎಲ್ಲಾ ಕಡೆ ಹಂಗs ಆಯಿ" ಎಂದೆ. ಅವರು ದುಡ್ಡು ಎಣಿಸಿ ಕೊಟ್ಟು ಹೋದರು.

ಆ ಮಾತು ಅವತ್ತೇನೂ ನನ್ನನ್ನು ಕಾಡಲಿಲ್ಲ. ಒಂದು ತಿಂಗಳಾದ ಮೇಲೆ ಬೆಳಗಿನ ಜಾವ ಬೈಬಲ್ ಓದುವಾಗ ಧರ್ಮೋಪದೇಶಕಾಂಡದ 25ನೇ ಅಧ್ಯಾಯ ಬಂತು. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬೇಡ, ಒಂದು ದೊಡ್ಡದು ಒಂದು ಚಿಕ್ಕದು ಎಂದು ಅಲ್ಲಿ ದೇವರು ಹೇಳುತ್ತಾನೆ. ಎಷ್ಟು ಸಲ ಓದಿದ್ದೆನೋ. ಅವತ್ತು ಮಾತ್ರ ಆಯಿಯ ಮುಖ ಕಣ್ಣ ಮುಂದೆ ಬಂತು. ಹೋಲ್‌ಸೇಲ್ ಅಂಗಡಿಯಿಂದ ಏಲಕ್ಕಿ ತರುವಾಗ ಚೀಲದ ತೂಕ ಕಳೆಯಲು ನಾನೇ ಜಗಳ ಮಾಡಿ ಕೇಳುತ್ತಿದ್ದೆ. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಇನ್ನೊಂದು. ನನ್ನ ಚೀಲದಲ್ಲಿ ಎರಡೂ ಇದ್ದವು.

ಅವತ್ತು ಅಂಗಡಿ ತೆರೆದ ಮೇಲೆ ಮಾಡಿದ್ದು ಇಷ್ಟೇ: ಖಾಲಿ ಕವರು ಮೊದಲು ತಕ್ಕಡಿಯ ಮೇಲಿಟ್ಟೆ, ಟೇರ್ ಗುಂಡಿ ಒತ್ತಿದೆ, ಅಂಕಿ ಸೊನ್ನೆಗೆ ಬಂದ ಮೇಲೆ ಸಾಮಾನು ಹಾಕಿದೆ. ಆ ಗುಂಡಿ ಮೊದಲಿನಿಂದಲೂ ಅಲ್ಲೇ ಇತ್ತು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಇಲಾಖೆಯವರ ಮುದ್ರೆ ಹಾಕಿಸಬೇಕು. ಅದನ್ನು ನಾನು ಒಂದು ವರ್ಷವೂ ಬಿಟ್ಟಿರಲಿಲ್ಲ. ತಕ್ಕಡಿ ಸರಿಯಾಗಿಯೇ ಇತ್ತು. ಅದರ ಮೇಲಿನ ನನ್ನ ಕೈ ಸರಿ ಇರಲಿಲ್ಲ.

ವಿಧೇಯತೆ ಅನ್ನುವ ಮಾತನ್ನು ಪ್ರಸಂಗಗಳಲ್ಲಿ ಚಿಕ್ಕಂದಿನಿಂದ ಕೇಳಿದ್ದೆ. ಅಬ್ರಹಾಮ ಊರು ಬಿಟ್ಟು ಹೊರಟ ಹಾಗೆ, ಪೇತ್ರ ಬಲೆ ಬಿಟ್ಟು ಹೋದ ಹಾಗೆ ಏನೋ ದೊಡ್ಡದು ಮಾಡಬೇಕು ಅಂದುಕೊಂಡಿದ್ದೆ. ನಮ್ಮಂಥವರಿಗೆ ಅಂಥ ಕರೆ ಬಂದಿಲ್ಲವಲ್ಲ, ಹಾಗಾಗಿ ಭಾನುವಾರ ಸರಿಯಾಗಿದ್ದರೆ ಸಾಕು ಎಂದು ಒಳಗೊಳಗೇ ತೀರ್ಮಾನ ಆಗಿಹೋಗಿತ್ತು. ಆದರೆ ನಮ್ಮ ಹಿರಿಯರ ವಿಶ್ವಾಸ ಹಾಗಿರಲಿಲ್ಲ. ಸುವಾರ್ತೆ ಸಾರಲು ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಮ್ಮ ಬೆಟಗೇರಿ. ದೀಕ್ಷಾಸ್ನಾನ ತೆಗೆದುಕೊಂಡವರನ್ನು ಜಾತಿಯವರು ಹೊರಗೆ ಹಾಕುತ್ತಿದ್ದರು. ಜಾತಿಯ ಜೊತೆಗೆ ಕೆಲಸವೂ ಹೋಗುತ್ತಿತ್ತು. ಅದಕ್ಕೇ ಮಿಷನ್‌ನವರು ಮಗ್ಗ ಹಾಕಿಸಿದರು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಜನಕ್ಕೆ ಪ್ರಾರ್ಥನೆ ಬೇರೆ, ದುಡಿಮೆ ಬೇರೆ ಆಗಿರಲಿಲ್ಲ. ನಮ್ಮ ಅಂಗಡಿಯ ಮಾಳಿಗೆಗೂ ಮಂಗಳೂರು ಹಂಚೇ ಇದೆ. ಅದರ ಕೆಳಗೇ ಕೂತು ನಾನು ಎರಡನ್ನೂ ಬೇರೆ ಮಾಡಿಕೊಂಡಿದ್ದೆ.

ಗುಂಡಿ ಒತ್ತುವುದು ಸುಲಭ. ಹಿಂದಿನದಕ್ಕೆ ಏನು ಮಾಡುವುದು? ಯೇಸುವನ್ನು ನೋಡಲು ಮರ ಹತ್ತಿದ್ದ ಸುಂಕದವನು ಜಕ್ಕಾಯ ಇಳಿದು ಬಂದು, ಯಾರಿಂದ ಅನ್ಯಾಯವಾಗಿ ತೆಗೆದುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ಕೊಡುತ್ತೇನೆ ಎಂದ. ನಾನು ಯಾರಿಗೆ ಅಂತ ಕೊಡಲಿ? ನಮ್ಮ ಸಭೆಯ ಅಯ್ಯನವರ, ಅಂದರೆ ಪಾದ್ರಿಯವರ, ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಸಮಾಧಾನದ ಮಾತು ಆಡಿ ಕಳಿಸಲಿಲ್ಲ. "ನೆನಪಿರೋರಿಂದ ಶುರು ಮಾಡು" ಎಂದರು. ಅವತ್ತು ಅವರು ಸುಮ್ಮನೆ ಪ್ರಾರ್ಥನೆ ಮಾಡಿ ಕಳಿಸಿದ್ದರೆ ನಾನು ಅಲ್ಲಿಗೇ ನಿಲ್ಲುತ್ತಿದ್ದೆ.

ಮೊದಲು ಆಯಿಯ ಮನೆಗೆ ಹೋದೆ. ಐವತ್ತು ಗ್ರಾಂ ಏಲಕ್ಕಿ ಕೊಟ್ಟು ಯಾಕೆ ಎಂದು ಹೇಳಿದೆ. ಅವರು ತೆಗೆದುಕೊಂಡು, ಚಹಾ ಕುಡಿಸಿ, ಆ ವಿಷಯ ಮತ್ತೆ ಎತ್ತಲಿಲ್ಲ. ಎರಡನೆಯದು ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಉದ್ರಿ ಪುಸ್ತಕ ತಿರುವಿ ಹಾಕುವಾಗ ಒಬ್ಬ ಅಕ್ಕನ ಲೆಕ್ಕದಲ್ಲಿ ₹740 ಎರಡು ಸಲ ಬರೆದದ್ದು ಸಿಕ್ಕಿತು. ಅವರು ಅದನ್ನು ಪೂರ್ತಿ ತೀರಿಸಿಯೂ ಆಗಿತ್ತು. ಬೇಕೆಂದು ಮಾಡಿದ್ದಲ್ಲ. ಆದರೂ ಹೋಗಿ ಹಣ ವಾಪಸ್ ಕೊಟ್ಟೆ. ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಬಿಗಿಯಾಯಿತು. "ಇದೊಂದು ಸಿಕ್ತು. ಸಿಗದs ಇದ್ದದ್ದು ಎಷ್ಟು ಅದಾವ?" ಎಂದರು. ಮರುದಿನದಿಂದ ಆ ಓಣಿಯ ಮೂರು ಮನೆಯವರು ಪುಸ್ತಕ ತೋರಿಸು ಎಂದು ಬಂದರು. ಒಂದು ಮನೆಯವರು ಬೇರೆ ಅಂಗಡಿಗೆ ಹೋದವರು ಇವತ್ತಿಗೂ ತಿರುಗಿ ಬಂದಿಲ್ಲ.

ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ದೇವರು ನಮಗೆ ಮಾಡಿದ್ದನ್ನು ಸಭೆಯಲ್ಲಿ ಸಾಕ್ಷಿ ಹೇಳುವಾಗ ನಾವು ಈ ಭಾಗ ಬಿಟ್ಟುಬಿಡುತ್ತೇವೆ. ದೇವರ ಮಾತು ಕೇಳಿದೆ, ವ್ಯಾಪಾರ ಎರಡರಷ್ಟಾಯಿತು ಅನ್ನುತ್ತೇವೆ. ನನಗೆ ಹಾಗಾಗಲಿಲ್ಲ. ಗುಟ್ಕಾ ಚೀಟಿ ಮಾರುವುದು ಬಿಟ್ಟಾಗಲೂ ಹಾಗಾಗಲಿಲ್ಲ. ರಾಜ್ಯದಲ್ಲಿ 2013ರಿಂದ ಗುಟ್ಕಾ ನಿಷೇಧ ಇದೆ. ಆದರೂ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಜೋಡಿಯಾಗಿ ಮಾರುತ್ತಾರೆ. ನಾನೂ ಮಾರುತ್ತಿದ್ದೆ. ಆ ಮಾಲೆ ಇಳಿಸಿದ ಮೇಲೆ ದಿನಕ್ಕೆ ಇನ್ನೂರು ರೂಪಾಯಿ ಲಾಭ ಕಡಿಮೆಯಾಯಿತು. ಅದರ ಜೊತೆ ಬಿಸ್ಕತ್ತು, ಬೆಂಕಿಪೊಟ್ಟಣ ಒಯ್ಯುತ್ತಿದ್ದ ಹುಡುಗರೂ ಬರುವುದು ಬಿಟ್ಟರು. ಆ ವರ್ಷ ಮಗಳ ಶಾಲೆಯ ಫೀ ಕಟ್ಟಲು ಹೆಂಡತಿಯ ಬಳೆ ಅಡವಿಟ್ಟೆವು. ಅವಳು ಒಂದು ಮಾತೂ ಆಡಲಿಲ್ಲ. ಬಳೆ ಬಿಡಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಆ ದಿನಗಳಲ್ಲೂ ನಮಗೆ ಊಟಕ್ಕೆ ಕೊರತೆ ಆಗಲಿಲ್ಲ ಎನ್ನುವುದು ಸತ್ಯ. ಅದಕ್ಕೆ ದೇವರಿಗೆ ಸ್ತೋತ್ರ.

ಭಾನುವಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಧ್ಯಾಹ್ನದವರೆಗೆ ಮುಚ್ಚುತ್ತೇನೆ, ಸಂಜೆ ತೆರೆಯುತ್ತೇನೆ. ಪೂರ್ತಿ ಮುಚ್ಚಬೇಕು ಅನ್ನುವವರು ನಮ್ಮ ಸಭೆಯಲ್ಲೇ ಇದ್ದಾರೆ. ಅವರ ಮಾತನ್ನು ತಳ್ಳಿಹಾಕಿಲ್ಲ, ಇನ್ನೂ ಪ್ರಾರ್ಥನೆಯಲ್ಲಿಟ್ಟಿದ್ದೇನೆ.

ದಿನದ ನಡೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಐದಕ್ಕೆ ಏಳುತ್ತೇನೆ. ಒಂದು ಅಧ್ಯಾಯ ಓದುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ. ಮೊದಲೆಲ್ಲ ಓದಿದ ಮೇಲೆ ನನಗೆ ಬೇಕಾದ ವಾಗ್ದಾನ ಹುಡುಕುತ್ತಿದ್ದೆ. ಈಗ ಇವತ್ತು ನಾನು ಮಾಡಬೇಕಾದದ್ದು ಇದರಲ್ಲಿ ಏನಿದೆ ಎಂದು ನೋಡುತ್ತೇನೆ. ಕ್ಯಾಲೆಂಡರಿನ ಹಿಂದಿನ ದಿನದ ಹಾಳೆ ಹರಿದು, ಅದರ ಬೆನ್ನಿಗೆ ಒಂದೇ ಸಾಲು ಬರೆದು ಗಲ್ಲೆಯಲ್ಲಿ ಇಡುತ್ತೇನೆ. "ಹಾಲಿನವನ ಬಾಕಿ ಇವತ್ತೇ ಕೊಡು." "ಅವ್ವನ ಹತ್ತಿರ ಹತ್ತು ನಿಮಿಷ ಕೂತುಕೋ." ಚಿಲ್ಲರೆಗೆ ಗಲ್ಲೆ ತೆಗೆದಾಗಲೆಲ್ಲ ಆ ಸಾಲು ಕಾಣುತ್ತದೆ. ದಿನಕ್ಕೆ ನೂರು ಸಲ ಕಾಣುತ್ತದೆ. ರಾತ್ರಿ ಶಟರ್ ಎಳೆದು ಮನೆಗೆ ಹೋಗಿ, ಮನೆ ಪ್ರಾರ್ಥನೆಗೆ ಕೂರುವ ಮುಂಚೆ ಆ ಚೀಟಿ ನೋಡುತ್ತೇನೆ. ಆಗಿರದಿದ್ದರೆ ಮರುದಿನಕ್ಕೂ ಅದೇ ಚೀಟಿ.

ಒಂದು ಚೀಟಿ ಒಂಬತ್ತು ದಿನ ಗಲ್ಲೆಯಲ್ಲಿತ್ತು. "ಹುಡುಗನ ಹತ್ತಿರ ಕ್ಷಮೆ ಕೇಳು" ಎಂದು ಬರೆದಿದ್ದೆ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ, ಇಪ್ಪತ್ತರ ವಯಸ್ಸು. ಎಣ್ಣೆ ಡಬ್ಬಿ ಕೈಜಾರಿ ನೆಲಕ್ಕೆಲ್ಲ ಚೆಲ್ಲಿದಾಗ ಗಿರಾಕಿಗಳ ಮುಂದೆಯೇ ಅವನ ತಾಯಿಯನ್ನು ಎತ್ತಿ ಬೈದಿದ್ದೆ. ದುಡ್ಡು ವಾಪಸ್ ಕೊಡುವುದಕ್ಕಿಂತ ಇದು ಕಷ್ಟವಾಯಿತು. ಪಗಾರ ಕೊಡುವವನು ನಾನು, ಅವನ ಮುಂದೆ ಹೇಗೆ ಬಾಗುವುದು? ಸಂಬಳದ ಜೊತೆ ಐನೂರು ಜಾಸ್ತಿ ಕೊಟ್ಟರೆ ಆಯಿತಲ್ವಾ ಎಂದು ಮನಸ್ಸು ದಾರಿ ಹುಡುಕಿತು. ಗಿರಾಕಿಗಳ ಮುಂದೆ ಬೈದದ್ದನ್ನು ಗಿರಾಕಿಗಳ ಮುಂದೆಯೇ ಸರಿಮಾಡಬೇಕು ಎಂದು ಹೆಂಡತಿ ಹೇಳಿದಳು. ಹತ್ತನೇ ದಿನ ಬೆಳಗ್ಗೆ ಇಬ್ಬರು ಗಿರಾಕಿಗಳು ನಿಂತಿದ್ದಾಗ ಹೇಳಿದೆ: "ಅವತ್ತು ನಿಮ್ಮವ್ವನ್ನ ಅಂದೆ ನೋಡು, ಅದು ತಪ್ಪಾತು. ಮನಸ್ಸಿಗೆ ಹಚ್ಗೋಬ್ಯಾಡ." ಅವನು ಸಕ್ಕರೆ ಚೀಲದ ಹೊಲಿಗೆ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ. "ಇರ್ಲಿ ಬಿಡ್ರಿ ಅಣ್ಣಾರ" ಎಂದ. ಆದರೆ ದಾರವನ್ನು ಅದೇ ಜಾಗದಲ್ಲಿ ಎರಡು ಸಲ ಎಳೆದ. ಕೈ ನಡುಗುತ್ತಿತ್ತು.

2025ರ ಜುಲೈ ಕಿರಾಣಿಯವರಿಗೆಲ್ಲ ನೆನಪಿರುತ್ತದೆ. ಯುಪಿಐಯಲ್ಲಿ ಬಂದ ಹಣ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಇಳಿಸಿ "ಕ್ಯಾಶ್ ಮಾತ್ರ" ಎಂದು ಬರೆದು ಹಾಕಿದರು. ನನಗೆ ನೋಟಿಸ್ ಬಂದಿರಲಿಲ್ಲ. ಆದರೆ ಲೆಕ್ಕ ಹಾಕಿದಾಗ ನನ್ನ ವ್ಯಾಪಾರ 40 ಲಕ್ಷದ ಅಂಚಿಗೆ ಬಂದಿತ್ತು. ಕೋಡ್ ಇಳಿಸಿದರೆ ಆ ಅಂಚು ಯಾರಿಗೂ ಕಾಣುತ್ತಿರಲಿಲ್ಲ. ಎರಡು ದಿನ ಇಳಿಸಿಯೂ ಇಟ್ಟೆ. ಜನರಿಗೆ ಆದ ತೊಂದರೆ ನಿಜ. ನೋಟಿಸಿನ ಮೊತ್ತ ಕಂಡು ಹೆದರಿದವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ನಾನು ಕೋಡ್ ಇಳಿಸಿದ್ದು ಮುಚ್ಚಿಡುವುದಕ್ಕೆ. ಅದು ನನಗೆ ಗೊತ್ತಿತ್ತು. ಕೈಸರನದನ್ನು ಕೈಸರನಿಗೆ ಕೊಡಿ ಎಂದ ಕರ್ತನಿಗೂ ಗೊತ್ತಿತ್ತು. ಮೂರನೇ ದಿನ ಅದನ್ನು ತಿರುಗಿ ಅಂಟಿಸಿದೆ. ಲೆಕ್ಕ ಬರೆಯುವವರನ್ನು ಕಂಡು ಸಣ್ಣ ವ್ಯಾಪಾರಿಗಳಿಗಿರುವ ಕಾಂಪೋಸಿಷನ್ ಸ್ಕೀಮಿನಲ್ಲಿ ನೋಂದಣಿ ಮಾಡಿಸಿದೆ. ತೆರಿಗೆ ಬೀಳುವ ಮಾಲಿನ ಮೇಲೆ ಶೇಕಡಾ 1, ಮೂರು ತಿಂಗಳಿಗೊಮ್ಮೆ ಕಟ್ಟಬೇಕು. ಅದನ್ನು ಗಿರಾಕಿಯಿಂದ ಬೇರೆ ವಸೂಲು ಮಾಡುವಂತಿಲ್ಲ, ನನ್ನ ಲಾಭದಿಂದಲೇ ಹೋಗುತ್ತದೆ. ಹೆದರಿದಷ್ಟು ದೊಡ್ಡ ಮೊತ್ತ ಆಗಲಿಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ಬಾಕಿ ಇತ್ತು. ಅದನ್ನು ಹೇಳದೆ ಇದನ್ನು ಮುಗಿಸಿದರೆ ಈ ಬರಹವೇ ಕಳ್ಳ ತೂಕ ಆಗುತ್ತದೆ.

2011ರಲ್ಲಿ ಅಪ್ಪ ತೀರಿಕೊಂಡರು. ಅಣ್ಣ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದ. ಅಂಗಡಿ ನನಗೆ, ಇದ್ದ ಮಾಲಿನ ಬೆಲೆಯಲ್ಲಿ ಅರ್ಧ ಅವನಿಗೆ ಎಂದು ಮಾತಾಯಿತು. ಮಾಲಿನ ಲೆಕ್ಕ ಬರೆದವನು ನಾನು. ಹಿಂದಿನ ಕೋಣೆಯಲ್ಲಿದ್ದ ಇಪ್ಪತ್ತೈದು ಡಬ್ಬಿ ಶೇಂಗಾ ಎಣ್ಣೆ, ಇಪ್ಪತ್ತು ಚೀಲ ಸಕ್ಕರೆ, ಒಂದಿಷ್ಟು ಬೆಲ್ಲದ ಪೆಂಟಿ ಬರೆಯಲಿಲ್ಲ. ಅಣ್ಣ ಆ ಕೋಣೆಗೆ ಹೋಗಿಯೂ ನೋಡಲಿಲ್ಲ. ತಮ್ಮ ಬರೆದದ್ದು ಸರಿ ಇರುತ್ತದೆ ಎಂದು ಸಹಿ ಹಾಕಿದ. ಅಂದಿನ ದರದಲ್ಲಿ ಅದು ₹76,000. ಅವನ ಪಾಲು ₹38,000. ಏಲಕ್ಕಿಯ ಕವರಿಗೆ ಅಷ್ಟು ಅತ್ತವನು ಇದನ್ನು ಎಷ್ಟು ವರ್ಷ ಬಚ್ಚಿಟ್ಟುಕೊಂಡೆ ನೋಡಿ. ಯಜ್ಞವೇದಿಯ ಹತ್ತಿರ ಕಾಣಿಕೆ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂಬ ಮತ್ತಾಯನ ಐದನೇ ಅಧ್ಯಾಯದ ಮಾತು ಬಂದಾಗಲೆಲ್ಲ ಮುಂದಿನ ವಚನಕ್ಕೆ ಹೋಗಿಬಿಡುತ್ತಿದ್ದೆ.

ಬೈಬಲಿನ ಅರಣ್ಯಕಾಂಡ 5:7ರಲ್ಲಿ ಲೆಕ್ಕ ಸ್ಪಷ್ಟವಾಗಿದೆ. ತಪ್ಪನ್ನು ಒಪ್ಪಿಕೊಂಡು, ಪೂರ್ತಿ ಮೊತ್ತಕ್ಕೆ ಐದರಲ್ಲಿ ಒಂದು ಪಾಲು ಸೇರಿಸಿ, ಯಾರಿಗೆ ಅನ್ಯಾಯವಾಯಿತೋ ಅವರಿಗೆ ಕೊಡಬೇಕು. ಅಂದರೆ ₹45,600. ತಿಂಗಳಿಗೆ ₹2,500ರಂತೆ ಹದಿನೆಂಟು ತಿಂಗಳು ಬ್ಯಾಂಕಿನಲ್ಲಿ ಆರ್‌ಡಿ ಕಟ್ಟಿದೆ. ಹೋದ ವಾರ ಅದು ಕೈಗೆ ಬಂತು. ಇಷ್ಟು ವರ್ಷದ ಬೆಲೆ ಏರಿಕೆಗೆ ಇದು ಸಾಲದು ಎಂದು ಅಣ್ಣ ಅಂದರೆ ಅದನ್ನೂ ಕೇಳಿಸಿಕೊಳ್ಳಬೇಕು. ಅವನು ಬಾಗಿಲಿನಿಂದಲೇ ಕಳಿಸಬಹುದು. ಅತ್ತಿಗೆ ಏನೆನ್ನುತ್ತಾರೋ. ಅವ್ವನಿಗೆ ಮೊನ್ನೆ ರಾತ್ರಿ ಹೇಳಿದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದು, "ನಾನೂ ಬರ್ತೀನಿ" ಎಂದಳು.

ಸೋಮವಾರ ಅಂಗಡಿ ಹುಡುಗನಿಗೆ ವಹಿಸಿ ಹೊರಡುತ್ತಿದ್ದೇವೆ. ಗದಗದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಒಂದೂವರೆ ತಾಸು. 2011ರ ಮಾಲಿನ ಪುಸ್ತಕ ಅಟ್ಟದಿಂದ ತೆಗೆದು ಒರೆಸಿ ಇಟ್ಟಿದ್ದೇನೆ. ಅಣ್ಣನ ಸಹಿ ಇರುವ ಪುಟಕ್ಕೆ ಗುರುತಿಗೆ ಗಲ್ಲೆಯ ಚೀಟಿಯನ್ನೇ ಸಿಕ್ಕಿಸಿದ್ದೇನೆ.