ಕೊಳಲಿನ ಬಿಟ್ ನುಂಗಿಬಿಟ್ರಲ್ಲ ಮಾರಾಯ್ರೆ

ಶಿವಮೊಗ್ಗದ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷ ಕೀಬೋರ್ಡ್ ನುಡಿಸಿದವನು ನಾನು. ಗಣಪತಿ ಪೆಂಡಾಲ್ ಇರಲಿ, ಜಾತ್ರೆ ಇರಲಿ, ಸಂಗೀತ ನಿರ್ದೇಶಕ ಜೋಡಿ ರಾಜನ್-ನಾಗೇಂದ್ರರ ಹಾಡಿಲ್ಲದೆ ಜನ ಬಿಡುವುದಿಲ್ಲ. ಅವರ ಸಂಗೀತ ನನಗೆ ಅರ್ಥವಾದದ್ದು ಹಾಗೇ, ನುಡಿಸಿ ನುಡಿಸಿ.

ಮೊದಲು ಕೈಗೆತ್ತಿಕೊಂಡದ್ದು 1976ರ 'ಬಯಲುದಾರಿ'ಯ 'ಬಾನಲ್ಲು ನೀನೆ'. ಪಲ್ಲವಿ ಅರ್ಧ ಗಂಟೆಯಲ್ಲಿ ಬಂತು. ಇಷ್ಟೇನಾ ಅಂದುಕೊಂಡೆ. ಪಲ್ಲವಿಗೂ ಚರಣಕ್ಕೂ ನಡುವೆ ವಾದ್ಯಗಳಷ್ಟೇ ನುಡಿಯುವ ಬಿಟ್‌ಗೆ ಮೂರು ರಾತ್ರಿ ಹೋಯಿತು. ಕ್ಯಾಸೆಟ್ಟನ್ನು ಹಿಂದೆ ಸುತ್ತಿ, ಒಂದು ಸಲಕ್ಕೆ ಒಂದೇ ವಾದ್ಯದ ಮೇಲೆ ಕಿವಿ ಇಟ್ಟು, ನೋಟ್‌ಬುಕ್‌ನಲ್ಲಿ ಸರಿಗಮ ಬರೆದುಕೊಂಡೆ. ಇವತ್ತಿಗೂ ಹೊಸ ಹುಡುಗರಿಗೆ ಹೇಳುವುದು ಇದನ್ನೇ: ಎಲ್ಲ ಒಟ್ಟಿಗೆ ಕೇಳಿದರೆ ಏನೂ ಕೇಳುವುದಿಲ್ಲ.

ಆಗಿನ ಹಾಡುಗಳು ಹೆಚ್ಚಾಗಿ ಮದ್ರಾಸಿನಲ್ಲಿ ರೆಕಾರ್ಡ್ ಆಗುತ್ತಿದ್ದವು. ಅಲ್ಲಿ ಪಿಟೀಲಿನವರೇ ಸಾಲಾಗಿ ಕೂರುತ್ತಿದ್ದರು. ನಾವೋ ಐದು ಜನ. ಹಾಗಾಗಿ ಏನು ಬಿಡಬೇಕು ಅನ್ನುವುದೇ ನಮ್ಮ ಕೆಲಸ. ಈ ಮೈಸೂರಿನ ಅಣ್ಣತಮ್ಮಂದಿರಲ್ಲಿ ರಾಜನ್ ಪಿಟೀಲು ಕಲಿತವರು, ನಾಗೇಂದ್ರ ಜಲತರಂಗ. ಅದಕ್ಕೇ ಇರಬೇಕು, ಬಿಟ್‌ಗಳೂ ಹಾಡಿದ ಹಾಗೇ ಇರುತ್ತವೆ. ಪಿಟೀಲಿನ ಗುಂಪನ್ನು ನನ್ನ ಎಡಗೈ ಹೇಗೋ ಸಂಭಾಳಿಸುತ್ತದೆ. ಕೊಳಲು ಬಿಟ್ಟರೆ ಮಾತ್ರ ಹಾಡು ಬೋಳು.

ಹಂಸಲೇಖ ಅವರದು ಇದಕ್ಕೆ ತಿರುಗಾಮುರುಗಾ. 1987ರಲ್ಲಿ 'ಪ್ರೇಮಲೋಕ' ಬಂದ ಮೇಲೆ ಜನ ಕೇಳಿದ್ದು ಬೀಟ್. ಪದವೂ ಅವರದೇ, ರಾಗವೂ ಅವರದೇ, ಮಾತೇ ತಾಳ ಹಾಕುತ್ತದೆ. ಅಲ್ಲಿ ರಿದಂ ಪ್ಯಾಡ್‌ನವನು ಗಟ್ಟಿ ಇದ್ದರೆ ಮುಕ್ಕಾಲು ಗೆದ್ದಂತೆ.

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಒಮ್ಮೆ ಮರ್ಯಾದೆ ಹೋಯಿತು. ತುಂಗೆಯ ಕಡೆಯಿಂದ ಚಳಿ, ಮೇಲೆ ಇಬ್ಬನಿ. ಚಳಿಗೆ ಕೊಳಲಿನ ಶ್ರುತಿ ಇಳಿಯುತ್ತದೆ, ಗೊತ್ತಲ್ವಾ? ನಾನು ಜಾಣತನ ಮಾಡಿ ಕೀಬೋರ್ಡನ್ನೂ ಅಷ್ಟೇ ಇಳಿಸಿದೆ. ಎರಡು ಹಾಡು ಊದುವಷ್ಟರಲ್ಲಿ ಕೊಳಲು ಬಿಸಿಯಾಯಿತು, ಶ್ರುತಿ ಏರಿತು. ನಾನು ಕೆಳಗೆ, ಕೊಳಲಿನವನು ಮೇಲೆ. ಮೂರನೆಯದು 'ಎರಡು ಕನಸು' ಚಿತ್ರದ ಹಾಡು. ಅಪಸ್ವರಕ್ಕೆ ಹೆದರಿ ಅವನು ಬಿಟ್ ಊದಲೇ ಇಲ್ಲ, ನಾನು ಹಾಗೇ ಚರಣಕ್ಕೆ ಹಾರಿದೆ. ಇಷ್ಟು ಜನದ ಗದ್ದಲದಲ್ಲಿ ಯಾರಿಗೆ ಗೊತ್ತಾಗುತ್ತದೆ ಅಂತ.

ಹಾಡು ಮುಗಿಯಿತು. ಮುಂದೆ ಕೂತಿದ್ದ, ಮಫ್ಲರ್ ಸುತ್ತಿಕೊಂಡಿದ್ದ ಅಜ್ಜ ಒಬ್ಬರು ಕೂಗಿದರು, "ಕೊಳಲಿನ ಬಿಟ್ ನುಂಗಿಬಿಟ್ರಲ್ಲ ಮಾರಾಯ್ರೆ!"

ಈಗ ಚಳಿಗಾಲದ ಕಾರ್ಯಕ್ರಮ ಅಂದರೆ ಕೊಳಲಿನವನನ್ನು ಮೊದಲೇ ಸ್ಟೇಜಿನ ಹಿಂದೆ, ಅಡುಗೆಯವರ ಒಲೆ ಹತ್ತಿರ ಕೂರಿಸುತ್ತೇನೆ. ಹತ್ತು ನಿಮಿಷ ಸುಮ್ನೆ ಊದಬೇಕು. ಆಮೇಲೇ ನನ್ನ ಟ್ಯೂನಿಂಗ್. ಅವನು ಮಾತ್ರ ಪ್ರತಿ ಸಲ ಕಾಫಿ ಕುಡಿಯಲು ಕೊಳಲು ಕೆಳಗಿಡುತ್ತಾನೆ.