ತೋಪಿನ ಕಥೆ, ತೋಪಿನ ಇಸವಿ

ವಿಜಯಪುರದಲ್ಲಿ ಕುಳಿತು ಮಕ್ಕಳಿಗೆ ಇತಿಹಾಸ ಬರೆಯುವವನಿಗೆ ವಸ್ತುವಿನ ಬರವಿಲ್ಲ. ಪ್ರತಿ ಬುರುಜಿಗೂ ಒಂದು ಕಥೆ ಅಂಟಿಕೊಂಡಿದೆ. ಪುಸ್ತಕ ತೆರೆಯುವ ಮೊದಲೇ ಆ ಕಥೆಯನ್ನು ಮಕ್ಕಳು ಟಾಂಗಾದವರಿಂದಲೋ ಮನೆಯ ಹಿರಿಯರಿಂದಲೋ ಕೇಳಿರುತ್ತಾರೆ. ಹತ್ತರಿಂದ ಹದಿಮೂರು ವರ್ಷದವರಿಗಾಗಿ ನಾನು ಬರೆಯುವ ಕಿರುಹೊತ್ತಿಗೆಗಳಲ್ಲಿ ಅಂಥ ಕಥೆಗಳನ್ನು ಕಿತ್ತುಹಾಕುವುದಿಲ್ಲ, ಇತಿಹಾಸದೊಳಗೆ ಕಲಸುವುದೂ ಇಲ್ಲ. ನೋಟುಪುಸ್ತಕದ ಎಡಪುಟದಲ್ಲಿ ಕೇಳಿದ್ದು, ಬಲಪುಟದಲ್ಲಿ ಕಂಡದ್ದು ಮತ್ತು ಓದಿದ್ದು. ಬರೆಯಲು ಕೂರುವಾಗ ಎರಡೂ ಪುಟ ಎದುರಿಗಿರಬೇಕು.

ನಮ್ಮೂರ ಬುರುಜಿನ ಮೇಲಿರುವ ದೊಡ್ಡ ಫಿರಂಗಿ, ಮಲಿಕ್-ಎ-ಮೈದಾನ್ ತೋಪಿನ ಅಧ್ಯಾಯವನ್ನೇ ನೋಡಿ. ಎಡಪುಟ ತುಂಬಿ ತುಳುಕುತ್ತಿತ್ತು. ಬತ್ತಿಗೆ ಬೆಂಕಿ ಮುಟ್ಟಿಸಿದವನು ಸದ್ದಿಗೆ ಕಿವಿ ಒಡೆದೀತೆಂದು ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದನಂತೆ. ತಾಳಿಕೋಟೆಯ ಕಾಳಗದಲ್ಲಿ ಅದಕ್ಕೆ ತಾಮ್ರದ ನಾಣ್ಯಗಳನ್ನು ತುಂಬಿ ಸಿಡಿಸಿದರಂತೆ. ಬಲಪುಟದಲ್ಲಿದ್ದದ್ದು ಇಷ್ಟು: ತೂಕ ಸುಮಾರು 55 ಟನ್, ಎರಕ ಹೊಯ್ದದ್ದು 1549ರಲ್ಲಿ ಅಹಮದ್‌ನಗರದಲ್ಲಿ, ವಿಜಯಪುರಕ್ಕೆ ಬಂದದ್ದು 1632ರಲ್ಲಿ. ಇಸವಿಗಳನ್ನು ಸಾಲಾಗಿ ಇಟ್ಟ ಕೂಡಲೇ ಒಂದು ಸಂಗತಿ ಎದ್ದು ಕಾಣುತ್ತದೆ. ತಾಳಿಕೋಟೆಯ ಕಾಳಗ ನಡೆದದ್ದು 1565ರಲ್ಲಿ. ಆಗ ಈ ತೋಪು ನಮ್ಮ ಊರಿನದ್ದೇ ಅಲ್ಲ, ಅಹಮದ್‌ನಗರದ ನಿಜಾಮಶಾಹಿಯದು! ಇದನ್ನು ನಾನೇ ಹೇಳಿಬಿಡದೆ ಮೂರು ಇಸವಿಗಳನ್ನು ಕೊಟ್ಟು, ‘ಆ ದಿನ ತೋಪು ಯಾರ ಕೈಯಲ್ಲಿತ್ತು?’ ಎಂದಷ್ಟೇ ಕೇಳಿದೆ. ಕರಡನ್ನು ಓದಿಸಿದಾಗ ಮಕ್ಕಳು ಬೆರಳು ಮಡಿಚಿ ಲೆಕ್ಕ ಹಾಕಿ ಅಲ್ಲಿಗೇ ಬಂದರು.

ನೀರಿನ ತೊಟ್ಟಿಯ ಕಥೆಗೆ ಬೇರೆ ದಾರಿ ಬೇಕಾಯಿತು. ಅದಕ್ಕೆ ಇಸವಿಯ ಪುರಾವೆ ಇಲ್ಲ. ಆದರೆ ಗಾಳಿಯಲ್ಲಿ ಹುಟ್ಟಿದ ಸದ್ದಿನ ಬಹುಪಾಲು ನೀರಿನ ಮೇಲ್ಮೈಗೆ ತಾಗಿ ಹಿಂದಿರುಗುತ್ತದೆ, ಒಳಗೆ ಇಳಿಯುವುದು ತೀರ ಕಡಿಮೆ. ಹಾಗಾಗಿ ಧುಮುಕಿದವನಿಗೆ ಲಾಭವಂತೂ ಇತ್ತು ಎಂದು ಬರೆದೆ. ಧುಮುಕಿದನೇ ಎಂಬುದು ಬೇರೆ ಮಾತು. ‘ಆಗಿರಬಹುದು’ ಮತ್ತು ‘ಆಗಿತ್ತು’ ಎರಡರ ನಡುವಿನ ಅಂತರವನ್ನು ಹಿರಿಯರಿಗಿಂತ ಮಕ್ಕಳು ಬೇಗ ಹಿಡಿಯುತ್ತಾರೆ ಎಂಬುದು ನನ್ನ ಅನಿಸಿಕೆ.

ಹಾಗೆಂದು ಬಲಪುಟವೆಲ್ಲ ಸತ್ಯ, ಎಡಪುಟವೆಲ್ಲ ಕಟ್ಟುಕಥೆ ಎಂದುಕೊಂಡರೆ ಕೆಲಸ ಕೆಡುತ್ತದೆ. ಐಹೊಳೆಯ ಮೇಗುಟಿ ಬಸದಿಯಲ್ಲಿ 634ರ ಶಾಸನವಿದೆ. ಬರೆದವನು ರವಿಕೀರ್ತಿ, ಹೊಗಳಿದ್ದು ತನ್ನ ದೊರೆ ಇಮ್ಮಡಿ ಪುಲಕೇಶಿಯನ್ನು. ಜೊತೆಗೆ ತನ್ನನ್ನೇ ಕಾಳಿದಾಸ, ಭಾರವಿಯರ ಸಾಲಿನಲ್ಲಿ ಕೂರಿಸಿಕೊಂಡಿದ್ದಾನೆ. ಕಲ್ಲಿಗೂ ಒಂದು ಪಕ್ಷ ಇರುತ್ತದೆ ಎಂದು ತೋರಿಸಲು ಪುಲಕೇಶಿಯ ರಾಜಧಾನಿ ಬಾದಾಮಿಯ ಬಂಡೆಯ ಮೇಲೆ ಪಲ್ಲವ ನರಸಿಂಹವರ್ಮ ಬರೆಸಿದ ಶಾಸನವನ್ನು ಅದರ ಎದುರುಪುಟಕ್ಕೆ ಹಾಕಿದೆ. ಐಹೊಳೆಯ ಶಾಸನದ ನಂತರ ಹತ್ತು ವರ್ಷ ತುಂಬುವ ಮೊದಲೇ ಆತ ಬಾದಾಮಿಯನ್ನು ಗೆದ್ದಿದ್ದ.

ಮುಧೋಳದ ಬಳಿಯ ಹಲಗಲಿಯ ವಿಷಯ ಇದಕ್ಕೆ ತಿರುಗುಮುರುಗು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಗೆ ಬೇಡರು ಒಪ್ಪಲಿಲ್ಲ, ಕಂಪನಿಯ ದಂಡು ಊರಿಗೆ ಬೆಂಕಿ ಇಟ್ಟಿತು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳನ್ನು ಊರೂರಿನ ಬಾಯಲ್ಲಿ ಉಳಿಸಿದ್ದು ಲಾವಣಿ. ಶಾಸನತಜ್ಞ ಫ್ಲೀಟ್ ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಸಂಗ್ರಹಿಸಿ ಅಚ್ಚು ಹಾಕಿಸಿದ. ಹಾಡು ಎಂಬ ಕಾರಣಕ್ಕೆ ಎಡಪುಟಕ್ಕೆ ತಳ್ಳಬಹುದೇ? ನಾನು ಬಲಪುಟದಲ್ಲೇ ಬರೆದುಕೊಂಡೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸಾಠ ಕಬರ, ಅಂದರೆ ವಿಜಯಪುರದ ‘ಅರವತ್ತು ಗೋರಿ’. 1659ರಲ್ಲಿ ಶಿವಾಜಿಯ ಮೇಲೆ ಹೊರಟ ವಿಜಯಪುರದ ಸರದಾರ ಅಫ್ಜಲ್ ಖಾನನಿಗೆ ಜ್ಯೋತಿಷಿಗಳು ‘ನೀನು ಮರಳುವುದಿಲ್ಲ’ ಎಂದರಂತೆ, ಅವನು ಹೆಂಡತಿಯರನ್ನೆಲ್ಲ ಕೊಲ್ಲಿಸಿದನಂತೆ, ಈ ಗೋರಿಗಳು ಅವರವಂತೆ. ಈ ಕಥೆ ಮಕ್ಕಳಿಗೆ ಬೇಡವೆಂದು ಕೆಲವು ಶಿಕ್ಷಕರು ಹೇಳಿದರು. ಆದರೆ ಊರಿನ ಮಕ್ಕಳೆಲ್ಲ ಅದನ್ನು ಆಗಲೇ ಕೇಳಿದ್ದಾರೆ, ಅದೂ ಉಪ್ಪುಖಾರ ಹಚ್ಚಿಸಿಕೊಂಡು. ನಾನು ಬಿಟ್ಟರೆ ಆ ಉಪ್ಪುಖಾರವೇ ಉಳಿಯುತ್ತದೆ. ಕಥೆಯನ್ನು ನಾಲ್ಕು ಸಾಲಿನಲ್ಲಿ ಮುಗಿಸಿ, ಪ್ರತಿ ಸಾಲನ್ನೂ ‘ಅಂತೆ’ಯಲ್ಲೇ ನಿಲ್ಲಿಸಿದೆ. ಕೊಲೆಯ ಚಿತ್ರ ಬೇಡ, ಸಾಲುಗೋರಿಗಳ ನಕ್ಷೆ ಸಾಕು ಎಂದು ಚಿತ್ರಕಾರರಿಗೆ ಹೇಳಿದೆ. ಒಂದೇ ಬಗೆಯ ಅರವತ್ತಕ್ಕೂ ಹೆಚ್ಚು ಗೋರಿಗಳು ಕಟ್ಟೆಯ ಮೇಲೆ ಸಾಲಾಗಿ ಇರುವುದನ್ನು ನೋಡಿ ಮಕ್ಕಳು ತಾವೇ ಪ್ರಶ್ನೆ ಕೇಳಲಿ.

ಮುದ್ರಣದ ಬಗ್ಗೆ ಒಂದು ಮಾತು. ಹದಿನಾರು ಪುಟದ ಮೂರು ಫಾರಂ, ಒಟ್ಟು 48 ಪುಟ, ನಡುವೆ ಪಿನ್: ಈ ಅಳತೆ ಮೀರಿದರೆ ಬೆಲೆ ಏರುತ್ತದೆ, ಶಾಲೆಗಳು ಕೊಳ್ಳುವುದಿಲ್ಲ. ಪುಟ ಹೆಚ್ಚಾದಾಗ ನನ್ನ ಕತ್ತರಿ ಮೊದಲು ಬೀಳುವುದು ರಾಜರ ಬಿರುದುಗಳ ಮೇಲೆ, ಆಮೇಲೆ ವಂಶಾವಳಿಯ ಮೇಲೆ. ಲಾವಣಿಯ ಸಾಲುಗಳನ್ನು ಮಾತ್ರ ಮುಟ್ಟುವುದಿಲ್ಲ.