ಮಗು ಕೈ ತೊಳೆಯಲ್ಲ ಅಂದರೆ

ನನ್ನ ಮೊಮ್ಮಗನಿಗೆ ಆಗ ಮೂರು ವರ್ಷ. ಊಟಕ್ಕೆ ಕರೆದರೆ ಸಾಕು, ಎರಡೂ ಕೈ ಬೆನ್ನ ಹಿಂದೆ ಹೋಗುತ್ತಿದ್ದವು. "ತೊಳೆದಾಯ್ತು ಅಜ್ಜಿ" ಅನ್ನುತ್ತಿದ್ದ. ನೋಡಿದರೆ ಉಗುರು ತುಂಬಾ ಹಿತ್ತಲ ಮಣ್ಣು. ಒಂದು ದಿನ ಅವಸರಕ್ಕೆ ನಾನೇ ಎಳೆದುಕೊಂಡು ಹೋಗಿ ಸೋಪು ಹಾಕಿ ಉಜ್ಜಿಬಿಟ್ಟೆ. ಕಿರುಚಿ ಅತ್ತ. ಆಮೇಲೆ ಎಷ್ಟೋ ದಿನ ನಲ್ಲಿ ಹತ್ತಿರ ಬರಲೇ ಇಲ್ಲ. ರಾತ್ರಿ ಮಲಗಿಸುವಾಗ ನೋಡುತ್ತೇನೆ, ಚಳಿಗೆ ಬೆರಳ ಸಂದಿಯಲ್ಲಿ ಚರ್ಮ ಒಡೆದಿದೆ. ಸೋಪು ತಾಗಿದಾಗಲೆಲ್ಲ ಉರಿಯುತ್ತಿತ್ತು, ಪಾಪ.

ಅವತ್ತಿನಿಂದ ನಾನು ಮೊದಲು ಕಾರಣ ಹುಡುಕುತ್ತೇನೆ. ಮಗು ಹಟ ಮಾಡುತ್ತಿದೆ ಅನ್ನುವ ಮಾತು ಆಮೇಲೆ. ಚರ್ಮ ಒಡೆದಿದ್ದರೆ ರಾತ್ರಿ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಸೋಪನ್ನೂ ಮೆದುವಾದದ್ದಕ್ಕೆ ಬದಲಾಯಿಸಿ. ಬೆಳಗಿನ ತಣ್ಣೀರು ಕೊರೆಯುತ್ತದೆ ಅಂದರೆ ಒಂದು ಚೊಂಬು ಉಗುರುಬೆಚ್ಚಗಿನ ನೀರು ಕೊಡಿ. ನೀರು ಬಿಸಿಯಿದ್ದರೂ ತಣ್ಣಗಿದ್ದರೂ ಕೊಳೆ ಹೋಗುವುದು ಸೋಪು ಹಾಕಿ ಉಜ್ಜುವುದರಿಂದ. ಹಾಗಾಗಿ ಮಗುವಿಗೆ ಹಿತವಾಗುವ ನೀರೇ ಸಾಕು. ಕೆಲವು ಮಕ್ಕಳಿಗೆ ನಲ್ಲಿಯಿಂದ ರಭಸವಾಗಿ ಬೀಳುವ ನೀರಿನ ಸದ್ದೇ ಹಿಡಿಸುವುದಿಲ್ಲ. ಸಣ್ಣಗೆ ಬಿಡಿ.

ಈಗಿನ ಮನೆಗಳಲ್ಲಿ ಸಿಂಕು ದೊಡ್ಡವರ ಎತ್ತರಕ್ಕೆ ಇರುತ್ತದೆ. ಅದರ ಅಂಚು ಮಗುವಿನ ಗದ್ದಕ್ಕೆ ಬರುತ್ತದೆ. ನೀರು ತೋಳಿನಿಂದ ಇಳಿದು ಅಂಗಿಯೊಳಗೆ ಹೋಗುತ್ತದೆ. ನಿಮಗೇ ಹಾಗಾದರೆ ಬೇಜಾರಾಗಲ್ವಾ? ಜಾರದ ಒಂದು ಸ್ಟೂಲು ಇಡಿ, ಹಿಂದೆ ನೀವು ನಿಂತುಕೊಳ್ಳಿ. ಒದ್ದೆ ನೆಲದ ಮೇಲೆ ಮರದ ಮಣೆ ಬೇಡ, ಜಾರುತ್ತದೆ. ಇಲ್ಲದಿದ್ದರೆ ಬಚ್ಚಲಲ್ಲೇ ಕೂರಿಸಿ ಚೊಂಬಿನಿಂದ ನೀರು ಹಾಕಿ. ಸೋಪೂ ಅಷ್ಟೇ. ಇಡೀ ಸೋಪು ಆ ಪುಟ್ಟ ಕೈಯಲ್ಲಿ ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ, ಬಿದ್ದಾಗ ನಾವು ಗದರುತ್ತೇವೆ. ಸವೆದ ಸೋಪಿನ ಚೂರುಗಳನ್ನು ಈರುಳ್ಳಿ ಬರುವ ಬಲೆ ಚೀಲದ ಒಂದು ತುಂಡಿನಲ್ಲಿ ಕಟ್ಟಿ ನಲ್ಲಿಗೆ ತೂಗುಹಾಕಿ. ಹಿಡಿಯಲು ಸುಲಭ, ನೊರೆಯೂ ಜಾಸ್ತಿ ಬರುತ್ತದೆ.

ಈಗ ಒಂದು ಮಾತು ದೊಡ್ಡವರಿಗೆ. ಊಟ ಆದ ಮೇಲೆ ನಾವೆಲ್ಲ ಸೋಪು ಹಾಕಿ ಚೆನ್ನಾಗಿ ಕೈ ತೊಳೆಯುತ್ತೇವೆ, ಯಾಕೆಂದರೆ ಸಾರಿನ ಜಿಡ್ಡು ಕಣ್ಣಿಗೆ ಕಾಣುತ್ತದೆ. ಊಟಕ್ಕೆ ಮೊದಲು? ಸುಮ್ನೆ ಬೆರಳ ತುದಿ ನೀರಿಗೆ ಒಡ್ಡಿ ಬಂದು ಕೂರುತ್ತೇವೆ. ಅನ್ನ ಕಲಸುವುದು ಅದೇ ಕೈಯಲ್ಲಿ ಅಲ್ವಾ? ಮಗು ನಮ್ಮನ್ನು ದಿನಾ ನೋಡುತ್ತಿರುತ್ತದೆ. ನಮ್ಮ ಮನೆಯಲ್ಲಿ ತಟ್ಟೆ ಇಡುವ ಮೊದಲು ಅವನ ಜೊತೆ ಅವರಪ್ಪನೂ ಹೋಗಿ ತೊಳೆಯಬೇಕು ಅಂತ ಮಾಡಿದೆ. ನಾನು ಮಾಡಿದ್ದರಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ.

ಮೂರು ವರ್ಷದ ಮಗುವಿಗೆ ಕಾಣದ ಕ್ರಿಮಿಯ ಕಥೆ ಹೇಳಿ ಪ್ರಯೋಜನ ಇಲ್ಲ. ಹೆದರಿಸಲಂತೂ ಹೋಗಬೇಡಿ, ಮಣ್ಣು ಮುಟ್ಟುವುದಕ್ಕೇ ಹೆದರುವ ಹಾಗಾಗುತ್ತದೆ. ಕಣ್ಣಿಗೆ ಕಾಣುವಂಥದ್ದನ್ನು ತೋರಿಸಿ. ಹಳೆ ಅಂಗಿ ಹಾಕಿ, ಮಗುವಿನ ಅಂಗೈಗೆ ಒಂದು ಹನಿ ಕೊಬ್ಬರಿ ಎಣ್ಣೆ, ಒಂದು ಚಿಟಿಕೆ ಅರಿಶಿನ ಸವರಿ. ಬರೀ ನೀರಿನಲ್ಲಿ ತೊಳೆಯಲು ಹೇಳಿ. ಹೋಗುವುದಿಲ್ಲ. ಆಮೇಲೆ ಸೋಪು ಕೊಡಿ. ಅರಿಶಿನ ಕೆಂಪಗಾಗಿ, ನೊರೆಯೂ ಆರತಿ ನೀರಿನ ಹಾಗೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವಂತೆಯೇ, ಸೋಪಿನಲ್ಲಿರುವ ಕ್ಷಾರದಿಂದ ಹೀಗಾಗುವುದು. ಇದಕ್ಕೆ ಬಿಲ್ಲೆ ಸೋಪೇ ಬೇಕು. ಬಾಟಲಿಯಲ್ಲಿ ಬರುವ ಎಷ್ಟೋ ಹ್ಯಾಂಡ್‌ವಾಶ್‌ಗಳಲ್ಲಿ ಕ್ಷಾರ ಅಷ್ಟಿರುವುದಿಲ್ಲ, ಬಣ್ಣ ತಿರುಗುವುದಿಲ್ಲ. ತೊಳೆದ ಮೇಲೆ ಎಲ್ಲಿ ಹಳದಿ ಗಾಢವಾಗಿ ಉಳಿದಿದೆಯೋ ಅಲ್ಲಿಗೆ ಸೋಪು ಮುಟ್ಟಿಲ್ಲ. ನನ್ನ ಮೊಮ್ಮಗನಿಗೆ ಬೆರಳ ಸಂದಿ, ಹೆಬ್ಬೆರಳ ಬುಡ ಎರಡೂ ಹಳದಿಯಾಗಿಯೇ ಇದ್ದವು. ತಾನೇ ನೋಡಿಕೊಂಡು "ಇಲ್ಲಿ ಆಗಿಲ್ಲ" ಅಂದ, ತಾನೇ ಮತ್ತೆ ಉಜ್ಜಿದ. ತಿಳಿ ಹಳದಿ ಒಂದು ದಿನ ಉಳಿಯುತ್ತದೆ, ತೊಂದರೆಯಿಲ್ಲ.

ಇಪ್ಪತ್ತು ಸೆಕೆಂಡು ಉಜ್ಜಬೇಕು ಅನ್ನುತ್ತಾರೆ ಡಾಕ್ಟರು. ಮಗುವಿಗೆ ಸೆಕೆಂಡು ಏನು ಗೊತ್ತು? ನಾವು ಸೋಪಿನ ನೊರೆಯಲ್ಲೇ ಬೆರಳುಗಳಿಗೆ ಸ್ನಾನ ಮಾಡಿಸುತ್ತೇವೆ. ಹೆಬ್ಬೆರಳು ಅಜ್ಜ, ತೋರುಬೆರಳು ಅಪ್ಪ, ನಡುಬೆರಳು ಅಮ್ಮ, ಉಂಗುರದ ಬೆರಳು ಅತ್ತೆ, ಕಿರುಬೆರಳು ಅವನೇ. ಒಬ್ಬೊಬ್ಬರಿಗೂ ತಲೆ, ಬೆನ್ನು ಉಜ್ಜಿ ಮುಗಿಸುವಷ್ಟರಲ್ಲಿ ಎರಡು ಕೈಗೂ ಸೇರಿ ಇಪ್ಪತ್ತು ಸೆಕೆಂಡು ಆರಾಮಾಗಿ ಆಗಿರುತ್ತದೆ. ಹೆಬ್ಬೆರಳಿನಿಂದಲೇ ಶುರು ಮಾಡಿ, ಮರೆತುಹೋಗುವುದು ಅದೇ. ಆಟದ ಮಧ್ಯೆ ಥಟ್ಟನೆ ಎಬ್ಬಿಸಬೇಡಿ. "ಈ ಗಾಡಿ ಒಂದು ಸುತ್ತು ಬರಲಿ, ಆಮೇಲೆ ಅಜ್ಜನಿಗೆ ಸ್ನಾನ" ಅಂದರೆ ಎದ್ದು ಬರುತ್ತಾನೆ. ಚಾಕಲೇಟಿನ ಆಸೆ ಮಾತ್ರ ತೋರಿಸಬೇಡಿ, ನಾಳೆ ಚಾಕಲೇಟು ಇಲ್ಲದಿದ್ದರೆ ಕೈಯೂ ಇಲ್ಲ.

ತೊಳೆದ ಕೈಯನ್ನು ನಮ್ಮ ಸೆರಗಿಗೋ ಅಡುಗೆಮನೆಯ ಮಸಿಬಟ್ಟೆಗೋ ಒರೆಸಿದರೆ ಮಾಡಿದ್ದೆಲ್ಲ ನೀರುಪಾಲು. ಮಗುವಿನದೇ ಒಂದು ಸಣ್ಣ ಟವೆಲ್ ಅವನ ಕೈಗೆಟುಕುವ ಮೊಳೆಗೆ ಹಾಕಿ, ದಿನಾ ಒಗೆಯಿರಿ.

ವಾರಕ್ಕೊಮ್ಮೆ ಉಗುರು ಕತ್ತರಿಸಿ. ಜಂತುಹುಳುವಿನ ಮೊಟ್ಟೆ ಮಣ್ಣಿನ ಜೊತೆ ಉಗುರಿನ ಸಂದಿಯಲ್ಲಿ ಕೂತು ಬಾಯಿಗೆ ಹೋಗುತ್ತದೆ. ಅಂಗನವಾಡಿಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಹೊಟ್ಟೆಯಲ್ಲಿರುವ ಹುಳುವನ್ನು ತೆಗೆಯುತ್ತದೆ. ಕೈ ಕೊಳಕಾಗಿಯೇ ಇದ್ದರೆ ಮತ್ತೆ ಬರುತ್ತದೆ.

ಮದುವೆ ಮನೆಗೆ, ಜಾತ್ರೆಗೆ ಹೋಗುವಾಗ ಜನ ಸ್ಯಾನಿಟೈಸರ್ ಹಿಡಿದುಕೊಂಡು ಹೋಗುತ್ತಾರೆ. ಕೈಗೆ ಮಣ್ಣೋ ಜಿಡ್ಡೋ ಮೆತ್ತಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಮಗು ಬಾಯಿಗೆ ಹಾಕಿಕೊಂಡರೆ ಅಪಾಯ ಬೇರೆ. ನನ್ನ ಕೈಚೀಲದಲ್ಲಿ ಒಂದು ಡಬ್ಬಿಯಲ್ಲಿ ಸೋಪಿನ ಚೂರು, ಒಂದು ಬಾಟಲಿ ನೀರು, ಅವನ ಟವೆಲ್ ಇರುತ್ತದೆ. ಛತ್ರದ ಸಿಂಕಿನ ಹತ್ತಿರ ನೂಕುನುಗ್ಗಲಾದರೆ ಹೊರಗೆ ಗಿಡದ ಬುಡಕ್ಕೆ ಕರೆದುಕೊಂಡು ಹೋಗಿ ನೀರು ಹಾಕುತ್ತೇನೆ, ಅವನು ಅಜ್ಜನಿಂದ ಶುರು ಮಾಡುತ್ತಾನೆ.